ಬಿಟ್ಟಿ ಬೀಗದಕೈ ಯಾರ ಸೊಂಟದಲ್ಲಿದೆ?

ಬಸ್ ನಿಲ್ದಾಣದ ಎದುರಿಗೋ ತಾಲೂಕು ಕಛೇರಿಯ ಕಾಂಪೌಂಡಿನ ಮಗ್ಗುಲಿಗೋ ಒಂದು ಟೈಪಿಂಗ್-ಝೆರಾಕ್ಸ್ ಅಂಗಡಿ ಇಲ್ಲದ ಪೇಟೆಯನ್ನು ಇಂದು ಕಾಣುವುದು ಕಷ್ಟ. ಹಿಂದೆ ಅರ್ಜಿ ಬರೆಯುವವನು ಮರದ ನೆರಳಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕುಳಿತಿರುತ್ತಿದ್ದ ಸ್ಥಾನದಲ್ಲಿ ಈಗ ಕಂಪ್ಯೂಟರ್ ಕುಳಿತಿದೆ. ಪಹಣಿ ತೆಗೆಸುವ ರೈತ, ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ಬಂದ ವಿದ್ಯಾರ್ಥಿ, ವಿಧವಾವೇತನ ನಿಂತುಹೋಯಿತೆಂದು ಅಲೆಯುವ ಮುದುಕಿ, 2023ರಲ್ಲಿ ಗೃಹಲಕ್ಷ್ಮಿಯ ಹಣಕ್ಕಾಗಿ ಸೇವಾಕೇಂದ್ರಗಳ ಮುಂದೆ ಸಾಲುಗಟ್ಟಿದ ಹೆಣ್ಣುಮಕ್ಕಳು, ಎಲ್ಲರೂ ಇಂತಹ ಯಂತ್ರದ ಎದುರಿಗೆ ನಿಂತವರೇ. ಅವರ ಆಧಾರ್ ಸಂಖ್ಯೆ, ಪಾಸ್‌ಬುಕ್ಕಿನ ಮೊದಲ ಪುಟ, ಮೊಬೈಲಿಗೆ ಬಂದ ಒಟಿಪಿ, ಎಲ್ಲವೂ ಅದರ ಹೊಟ್ಟೆಯಲ್ಲಿ ಹಾದುಹೋಗಿವೆ.

ಆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್. ಅದಕ್ಕೆ ಹಣ ತೆತ್ತಿದ್ದೀರಾ ಎಂದು ಕೇಳಿದರೆ ಅಂಗಡಿಯವರಲ್ಲಿ ಹಲವರು ನಕ್ಕುಬಿಡುತ್ತಾರೆ. "ಆಕ್ಟಿವೇಟ್ ಮಾಡಿಸಿದ್ದೀವಿ ಸ್ವಾಮಿ" ಎನ್ನುತ್ತಾರೆ. ಯಾರಿಂದ? ರಿಪೇರಿಯ ಹುಡುಗನಿಂದ. ಯಾವುದರಿಂದ? ಅವನ ಪೆನ್‌ಡ್ರೈವಿನಲ್ಲಿರುವ ಒಂದು ಸಣ್ಣ ತಂತ್ರಾಂಶದಿಂದ. ಅದನ್ನು ಬರೆದವರು ಯಾರು? ಇಲ್ಲಿಗೆ ಬಂದಾಗ ಅಂಗಡಿಯವನಿಗೂ ಗೊತ್ತಿಲ್ಲ, ಹುಡುಗನಿಗೂ ಗೊತ್ತಿಲ್ಲ. ಹೆಸರು ಗೊತ್ತಿಲ್ಲದ ಈ ಮೂರನೆಯವನ ವಿಚಾರವಾಗಿ ನಾವು ಈ ವಾರ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಒಂದು ಸಂಗತಿಯನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಮೈಕ್ರೋಸಾಫ್ಟ್ ಕಂಪೆನಿಗೆ ನಷ್ಟವಾಯಿತೆಂದು ಕಣ್ಣೀರು ಹಾಕಲು ಈ ಪತ್ರಿಕೆ ಹುಟ್ಟಿಲ್ಲ. ಆ ಕೆಲಸಕ್ಕೆ ಆ ಕಂಪೆನಿ ಸಂಬಳ ಕೊಟ್ಟು ವಕೀಲರನ್ನು ಇಟ್ಟುಕೊಂಡಿದೆ. ನಮಗೆ ಬೇಕಾದದ್ದು ಮೇಲೆ ಹೇಳಿದ ಮುದುಕಿಯ ಪಾಸ್‌ಬುಕ್ಕಿನ ಗತಿ.

ಬೀಗ ಮುರಿಯುವ ಬಗೆ ತಿಳಿಯಬೇಕಾದರೆ ಬೀಗದ ಸ್ವರೂಪ ತಿಳಿಯಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ, ಕೊಂಡವನ ಯಂತ್ರ ತನ್ನ ಬಳಿ ಬಂದು ರುಜು ಹಾಕಿಸಿಕೊಳ್ಳತಕ್ಕದ್ದು ಎಂಬ ಕಟ್ಟಳೆಯನ್ನು ಕಂಪೆನಿ ಮಾಡಿತು. ಇದಕ್ಕೇ ಆಕ್ಟಿವೇಷನ್ ಎಂದು ಹೆಸರು. ಕಟ್ಟಳೆ ಚಿಲ್ಲರೆ ಗಿರಾಕಿಗೆ ಮಾತ್ರ. ಸಗಟು ಕೊಳ್ಳುವ ದೊಡ್ಡ ಸಂಸ್ಥೆಗಳಿಗೆ ರುಜು ಬೇಕಿಲ್ಲದ ಕೀಲಿಸಂಖ್ಯೆಗಳನ್ನು ಕೊಡಲಾಗಿತ್ತು. (ದೊಡ್ಡವರಿಗೊಂದು ಕಾನೂನು, ಸಣ್ಣವರಿಗೊಂದು ಕಾನೂನು ಎಂಬುದು ಅಲ್ಲಿಯೂ ಉಂಟು!) ಆ ಸಗಟು ಕೀಲಿಗಳೇ ಹೊರಬಿದ್ದು ಲೋಕದ ತುಂಬ ಓಡಾಡಿದವು. ಕಂಪೆನಿ ಎಚ್ಚೆತ್ತು, ವಿಂಡೋಸ್ ವಿಸ್ತಾದ ಕಾಲದಲ್ಲಿ, ಎಂದರೆ 2006-07ರಲ್ಲಿ, ಸಗಟು ಗಿರಾಕಿಗಳಿಗೂ ರುಜು ಕಡ್ಡಾಯ ಮಾಡಿತು. ಆದರೆ ಹತ್ತು ಸಾವಿರ ಯಂತ್ರಗಳಿರುವ ಬ್ಯಾಂಕಿನ ಒಂದೊಂದು ಯಂತ್ರವೂ ಅಮೆರಿಕದ ಬಾಗಿಲು ತಟ್ಟುವುದು ಸಾಧ್ಯವಾಗದ ಮಾತು. ಆದ್ದರಿಂದ ಸಂಸ್ಥೆಯ ಒಳಗೇ ಒಂದು ಯಂತ್ರವನ್ನು ಶಾನುಭೋಗನಂತೆ ಕೂರಿಸಿದರು. ಇದರ ಹೆಸರು ಕೀ ಮ್ಯಾನೇಜ್‌ಮೆಂಟ್ ಸರ್ವಿಸ್, ಚಿಕ್ಕದಾಗಿ ಕೆಎಂಎಸ್.

ಈ ಶಾನುಭೋಗಿಕೆಯ ನಿಯಮಗಳು ಹೀಗಿವೆ. ಸಂಸ್ಥೆಯ ಯಂತ್ರಗಳು ಕಂಪೆನಿಯ ಬಳಿಗೆ ಹೋಗಬೇಕಿಲ್ಲ. ಒಳಗಿರುವ ಈ ಯಂತ್ರವನ್ನು ಕೇಳಿದರೆ ಸಾಕು. ಕನಿಷ್ಠ 25 ಯಂತ್ರಗಳು ಕೇಳಿದ ಮೇಲಷ್ಟೆ ಅದು ಒಪ್ಪಿಗೆ ಕೊಡಲು ಆರಂಭಿಸುತ್ತದೆ. ಒಪ್ಪಿಗೆ ಶಾಶ್ವತವಲ್ಲ, 180 ದಿನಗಳದ್ದು. ಅವಧಿ ಮುಗಿಯುವ ತನಕ ಕಾಯದೆ ಪ್ರತಿ 7 ದಿನಕ್ಕೊಮ್ಮೆ ಯಂತ್ರ ತಾನಾಗಿಯೇ ಹೋಗಿ ಗುತ್ತಿಗೆಯನ್ನು ನವೀಕರಿಸಿಕೊಳ್ಳಲು ನೋಡುತ್ತದೆ. ಕೇಳುವ ಯಂತ್ರಗಳಲ್ಲಿ ಹಾಕುವ ಕೀಲಿಸಂಖ್ಯೆ ಗುಟ್ಟಿನದೇನಲ್ಲ. ಅದನ್ನು ಕಂಪೆನಿಯೇ ಬಹಿರಂಗವಾಗಿ ಪ್ರಕಟಿಸಿದೆ. ಬೀಗದ ಬಲವೆಲ್ಲ ಇರುವುದು ಶಾನುಭೋಗ ಕೊಡುವ ಉತ್ತರದಲ್ಲಿ.

ಆ ಉತ್ತರವನ್ನು ಹೇಗೆ ಕಟ್ಟಲಾಗುತ್ತದೆ ಎಂಬುದನ್ನು ಜಾಣರು ಬಿಡಿಸಿ ನೋಡಿ ಕಲಿತರು. ಕಲಿತ ಮೇಲೆ ನಕಲಿ ಶಾನುಭೋಗನನ್ನು ಮಾಡುವುದಕ್ಕೆ ಎಷ್ಟು ಹೊತ್ತು? ಕೆಎಂಎಸ್‌ಪಿಕೋ, ಕೆಎಂಎಸ್‌ಆಟೋ ಮುಂತಾದ ಹೆಸರುಗಳಲ್ಲಿ ಓಡಾಡುವ ಉಪಕರಣಗಳ ಒಳಗುಟ್ಟು ಇಷ್ಟೇ. ಅದು ನಿಮ್ಮ ಯಂತ್ರದೊಳಗೆ ಒಬ್ಬ ಸುಳ್ಳು ಶಾನುಭೋಗನನ್ನು ಕೂರಿಸುತ್ತದೆ. ಅವನು "ನನ್ನ ಬಳಿ 25ಕ್ಕೂ ಹೆಚ್ಚು ಯಂತ್ರಗಳು ಬಂದುಹೋಗಿವೆ, ನೀನು ಧಾರಾಳವಾಗಿ ಇರು" ಎಂದು ಲೆಕ್ಕ ಬರೆದು ಒಪ್ಪಿಗೆ ಕೊಡುತ್ತಾನೆ. ವಿಂಡೋಸ್ ನಂಬುತ್ತದೆ. ಇನ್ನು ಕೆಲವು ಉಪಕರಣಗಳು ಯಂತ್ರದೊಳಗೆ ಯಾರನ್ನೂ ಕೂರಿಸದೆ, ಅಂತರ್ಜಾಲದಲ್ಲಿ ಎಲ್ಲಿಯೋ ಇರುವ ಅಪರಿಚಿತನ ಸರ್ವರಿಗೆ ನಿಮ್ಮ ಯಂತ್ರವನ್ನು ಕಳಿಸುತ್ತವೆ. ಅದು ವಾರ ವಾರ ಅವನ ಬಾಗಿಲಿಗೆ ಹೋಗಿ ತನ್ನ ಹೆಸರು ಹೇಳಿ ನಿಲ್ಲುತ್ತದೆ.

ಇಲ್ಲಿಯ ತನಕ ಇದು ಕಂಪೆನಿಗೂ ಜಾಣರಿಗೂ ನಡೆದ ಚದುರಂಗ. ಮುಂದಿನದು ನಮಗೆ ಸಂಬಂಧಿಸಿದ್ದು.

ಒಪ್ಪಿಗೆ 180 ದಿನಕ್ಕೆ ಮುಗಿಯುವುದರಿಂದ ನಕಲಿ ಶಾನುಭೋಗ ಒಂದು ದಿನ ಬಂದು ಹೋದರೆ ಸಾಲದು. ಮನೆಯಲ್ಲೇ ಬೀಡುಬಿಟ್ಟು ಆಗಾಗ ಎದ್ದು ರುಜು ಹಾಕಬೇಕು. ಅದಕ್ಕಾಗಿ ಉಪಕರಣವು ಯಂತ್ರದ ದಿನಚರಿಯಲ್ಲಿ ಒಂದು ಕಾಯಂ ಕೆಲಸವನ್ನು ಬರೆದಿಡುತ್ತದೆ. ಹಾಗೆ ಬರೆಯುವುದಕ್ಕೆ ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ಈ ಅಧಿಕಾರವೆಂದರೆ ಮನೆಯ ಯಜಮಾನಿಕೆ. ಯಾವ ಕೋಣೆಗೂ ನುಗ್ಗಬಹುದು, ಯಾವ ಪೆಟ್ಟಿಗೆಯನ್ನೂ ತೆರೆಯಬಹುದು, ಹೊಸ ಆಳುಗಳನ್ನು ಕರೆತಂದು ಮನೆಯಲ್ಲಿಡಬಹುದು. ಇಷ್ಟು ಸಾಲದೆಂದು, ವೈರಸ್ ಕಾಯುವ ತಂತ್ರಾಂಶ ಬೊಗಳುತ್ತದೆ, ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎಂಬ ಸೂಚನೆಯೂ ಉಪಕರಣದ ಜೊತೆಯಲ್ಲೇ ಇರುತ್ತದೆ. ಅಂಗಡಿಯ ಹುಡುಗ ಹಾಗೆಯೇ ಮಾಡುತ್ತಾನೆ. ಹೊಸಬನನ್ನು ರಾತ್ರಿ ಮನೆಗೆ ಕರೆದು, ನಾಯಿಯನ್ನು ಕಟ್ಟಿಹಾಕಿ, ಬೀಗದಕೈ ಗೊಂಚಲನ್ನು ಅವನ ಸೊಂಟಕ್ಕೆ ಸಿಕ್ಕಿಸಿದರೆ ಆಗುವುದೇನೋ ಅದೇ ಇಲ್ಲಿಯೂ ಆಗುತ್ತದೆ.

ಈ ನಾಯಿಯ ವಿಷಯದಲ್ಲಿ ಇನ್ನೊಂದು ಮಾತುಂಟು. ನಮ್ಮ ದೃಷ್ಟಿಯಲ್ಲಿ ದೊಡ್ಡ ಹಾನಿ ಇದೇ. ವೈರಸ್ ಕಾಯುವ ತಂತ್ರಾಂಶಗಳು ಇಂತಹ ಯಾವ ಉಪಕರಣವನ್ನು ಕಂಡರೂ ಕೂಗುತ್ತವೆ. ಅದರೊಳಗೆ ಬೇರೆ ಕೇಡು ಇರಲಿ, ಇಲ್ಲದಿರಲಿ. ಬೀಗ ಮುರಿಯುವ ಸಾಧನ ಎಂಬ ಕಾರಣಕ್ಕೇ ಕೂಗುತ್ತವೆ. ಆದ್ದರಿಂದ "ಅದು ಸುಮ್ಮನೆ ಕಂಪೆನಿಯವರ ಗದ್ದಲ" ಎಂದು ಬಳಕೆದಾರ ತಿಳಿಯುತ್ತಾನೆ. ಒಂದು ಸಲ ಸುಳ್ಳು ಕೂಗೆಂದು ತಿಳಿದವನು ನಿಜವಾದ ಕೂಗನ್ನೂ ಸುಳ್ಳೆಂದೇ ತಳ್ಳಿಹಾಕುತ್ತಾನೆ. ಕೇಡಿಗನಿಗೆ ಇದಕ್ಕಿಂತ ಅನುಕೂಲವಾದ ಮರೆ ಬೇರೊಂದಿಲ್ಲ. ತನ್ನ ಸರಕಿಗೆ ಆಕ್ಟಿವೇಟರ್ ಎಂದು ಹೆಸರಿಟ್ಟರೆ ಸಾಕು, ಎಚ್ಚರಿಕೆಯನ್ನು ಲೆಕ್ಕಿಸದಿರಲು ಮೊದಲೇ ಕಲಿತಿರುವ ಜನ ತಾವಾಗಿಯೇ ಬಂದು ಬಾಗಿಲು ತೆರೆಯುತ್ತಾರೆ.

ಇದು ನಮ್ಮ ಊಹೆಯಲ್ಲ. 2021ರ ಡಿಸೆಂಬರಿನಲ್ಲಿ ರೆಡ್ ಕ್ಯಾನರಿ ಎಂಬ ಭದ್ರತಾ ಸಂಸ್ಥೆ ಒಂದು ವರದಿ ಪ್ರಕಟಿಸಿತು. ಕೆಎಂಎಸ್‌ಪಿಕೋ ಎಂಬ ಹೆಸರಿನಲ್ಲಿ ಹಂಚಲಾಗುತ್ತಿದ್ದ ಪೊಟ್ಟಣದಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶ ಅಡಗಿತ್ತು. ಅದು ಬ್ರೌಸರಿನಲ್ಲಿ ನೆನಪಿಗೆಂದು ಉಳಿಸಿಟ್ಟ ಗುಪ್ತಪದಗಳನ್ನು ಬಾಚಿಕೊಂಡು ಯಜಮಾನನಿಗೆ ರವಾನಿಸುತ್ತದೆ. ನಮ್ಮ ಅಂಗಡಿಗಳಲ್ಲಿ ಇಲಾಖೆಗಳ ಜಾಲತಾಣಗಳಿಗೆ ಹೋಗುವ ಗುಪ್ತಪದಗಳೆಲ್ಲ ಇರುವುದು ಎಲ್ಲಿ? ಬ್ರೌಸರಿನಲ್ಲೇ! ಇದೇ ಕ್ರಿಪ್ಟ್‌ಬಾಟನ್ನು ಹಂಚುವವರ ಮೇಲೆ 2023ರ ಏಪ್ರಿಲಿನಲ್ಲಿ ಗೂಗಲ್ ಕಂಪೆನಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಕ್ರಮ ಕೈಗೊಂಡಾಗ, ಅದರ ಹಿಂದಿನ ಒಂದು ವರ್ಷದಲ್ಲಿ ಸುಮಾರು 6,70,000 ಯಂತ್ರಗಳಿಗೆ ಅದು ತಗುಲಿದೆಯೆಂದು ಅಂದಾಜು ಮಾಡಿತ್ತು.

ಕೆಎಂಎಸ್‌ಆಟೋ ಹೆಸರಿನ ಕಥೆ ಇನ್ನೂ ಘೋರ. ಅದರ ವೇಷ ಹಾಕಿದ ಒಂದು ಕಳ್ಳ ತಂತ್ರಾಂಶವನ್ನು 2020ರಿಂದ 2023ರ ನಡುವೆ ಲೋಕದಾದ್ಯಂತ ಸುಮಾರು 28 ಲಕ್ಷ ಯಂತ್ರಗಳಿಗೆ ಹರಡಿದ ಆಪಾದನೆಯ ಮೇಲೆ ಲಿಥುವೇನಿಯದ ಒಬ್ಬನನ್ನು ಜಾರ್ಜಿಯ ದೇಶದಲ್ಲಿ ಹಿಡಿದು ದಕ್ಷಿಣ ಕೊರಿಯಾಕ್ಕೆ ಒಪ್ಪಿಸಲಾಯಿತೆಂದು 2025ರ ಡಿಸೆಂಬರಿನಲ್ಲಿ ಅಲ್ಲಿನ ಪೋಲೀಸರು ತಿಳಿಸಿದರು. ಅದರ ಕೈಚಳಕ ಗಮನಿಸತಕ್ಕದ್ದು. ನೀವು ಹಣ ಕಳಿಸಲೆಂದು ಒಂದು ವಿಳಾಸವನ್ನು ಕಾಪಿ ಮಾಡುತ್ತೀರಿ. ಇನ್ನೊಂದು ಕಡೆ ಅಂಟಿಸುವಷ್ಟರಲ್ಲಿ ಆ ವಿಳಾಸದ ಬದಲು ಕಳ್ಳನ ವಿಳಾಸ ಬಂದು ಕುಳಿತಿರುತ್ತದೆ. ಅಲ್ಲಿ ಕದ್ದದ್ದು ಕ್ರಿಪ್ಟೊ ನಾಣ್ಯ. ನಮ್ಮ ಕೂಲಿಕಾರರ ಬಳಿ ಅದು ಇಲ್ಲವೆಂದು ಸಮಾಧಾನ ಪಡುವವರಿಗೆ ನಾವು ಹೇಳುವುದಿಷ್ಟೆ: ನಾಣ್ಯದ ವಿಳಾಸವನ್ನು ಬದಲಿಸಬಲ್ಲ ಕೈಗೆ ಬ್ಯಾಂಕಿನ ಖಾತೆಯ ಸಂಖ್ಯೆ ಬದಲಿಸುವುದು ಹೆಚ್ಚಿನ ಕೆಲಸವೇನೂ ಅಲ್ಲ.

ಉಕ್ರೇನಿನಲ್ಲಿ ಇದು ಯುದ್ಧದ ಆಯುಧವೇ ಆಯಿತು. ರಷ್ಯದ ಸೇನಾ ಗೂಢಚಾರ ವಿಭಾಗಕ್ಕೆ ಸೇರಿದ್ದೆಂದು ಹೇಳಲಾಗುವ ಸ್ಯಾಂಡ್‌ವರ್ಮ್ ಎಂಬ ತಂಡ, ವಿಷ ಬೆರೆಸಿದ ಕೆಎಂಎಸ್ ಉಪಕರಣಗಳನ್ನು ಅಲ್ಲಿನ ಜನರ ನಡುವೆ ತೇಲಿಬಿಟ್ಟಿತೆಂದು 2025ರ ಫೆಬ್ರವರಿಯಲ್ಲಿ ಎಕ್ಲೆಕ್ಟಿಕ್‌ಐಕ್ಯೂ ಸಂಸ್ಥೆಯ ಸಂಶೋಧಕರು ಬರೆದರು. ಪರದೆಯ ಮೇಲೆ ಆಕ್ಟಿವೇಷನ್ ನಡೆಯುತ್ತಿರುವಂತೆ ಕಾಣುತ್ತದೆ. ಅದೇ ಹೊತ್ತಿಗೆ ಹಿಂಬಾಗಿಲಿನಿಂದ ಇನ್ನೊಂದು ತಂತ್ರಾಂಶ ಒಳಗೆ ಬಂದು ಕೀಲಿಮಣೆಯ ಒತ್ತುಗಳನ್ನೂ ಗುಪ್ತಪದಗಳನ್ನೂ ದೋಚುತ್ತದೆ. ಅಲ್ಲಿ ಸರ್ಕಾರಿ ಕಛೇರಿಗಳಲ್ಲಿಯೂ ಹಣ ಕೊಡದ ತಂತ್ರಾಂಶಗಳ ಬಳಕೆ ವಿಪರೀತವಾಗಿದ್ದುದೇ ಈ ಹಂಚಿಕೆಗೆ ಹಾದಿಯಾಯಿತು. ಬಡ ದೇಶದ ಗುಮಾಸ್ತನ ಮೇಜು ದೊಡ್ಡ ರಾಷ್ಟ್ರದ ಗೂಢಚಾರನಿಗೆ ಹೆಬ್ಬಾಗಿಲಾಗುತ್ತದೆಂದು ಯಾರು ಎಣಿಸಿದ್ದರು?

ನವೀಕರಣದ ವಿಚಾರ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ನವೀಕರಣ ಬಂದರೆ ಮುರಿದ ಬೀಗ ಮತ್ತೆ ಬಿದ್ದುಬಿಡುತ್ತದೆಂಬ ಭಯಕ್ಕೆ ಅದನ್ನು ನಿಲ್ಲಿಸಿಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಪಿಡುಗು ಹಬ್ಬಿ ಲೋಕದ ಆಸ್ಪತ್ರೆ-ಕಾರ್ಖಾನೆಗಳ ಕಡತಗಳನ್ನು ಒತ್ತೆ ಇಟ್ಟುಕೊಂಡಿತಷ್ಟೆ. ಅದಕ್ಕೆ ತೇಪೆ ಎರಡು ತಿಂಗಳ ಹಿಂದೆ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಈಗ ನಮ್ಮ ಮಿತ್ರರ ಆಕ್ಷೇಪಣೆಗೆ ಬರುತ್ತೇವೆ. ಪಕ್ಷದ ತರುಣರಲ್ಲಿಯೇ ಕೆಲವರು ವಾದಿಸುವುದುಂಟು: "ಕಂಪೆನಿ ಏಕಸ್ವಾಮ್ಯದ ಬಂಡವಾಳಶಾಹಿ. ಅದರ ಬೀಗ ಮುರಿದರೆ ತಪ್ಪೇನು? ಇದೂ ಒಂದು ಬಗೆಯ ಕರನಿರಾಕರಣೆಯಲ್ಲವೆ?" ಮಾತು ಕೇಳಲು ಹಿತವಾಗಿದೆ. ಆದರೆ ಏಕಸ್ವಾಮ್ಯಕ್ಕೆ ಇದರಿಂದ ಏಟು ಬಿದ್ದಿದೆಯೆ ಎಂದು ಆ ಕಂಪೆನಿಯ ಸ್ಥಾಪಕರನ್ನೇ ಕೇಳಬಹುದು. 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಮಾತನಾಡುತ್ತ ಬಿಲ್ ಗೇಟ್ಸ್ ಅವರು ಚೀನದ ವಿಚಾರವಾಗಿ ಹೇಳಿದ್ದುಂಟು. ಅಲ್ಲಿನವರು ತಂತ್ರಾಂಶಕ್ಕೆ ಹಣ ಕೊಡುತ್ತಿಲ್ಲ, ಒಂದು ದಿನ ಕೊಡುತ್ತಾರೆ. ಹೇಗೂ ಕದಿಯುವವರು ನಮ್ಮದನ್ನೇ ಕದಿಯಲಿ, ಅದರ ಚಟ ಹತ್ತಿದ ಮೇಲೆ ವಸೂಲಿಯ ದಾರಿ ನಾವು ಮುಂದೆ ಕಂಡುಕೊಳ್ಳುತ್ತೇವೆ ಎಂಬುದು ಆ ಮಾತಿನ ಸಾರಾಂಶ. ಸಾರಾಯಿ ಗುತ್ತಿಗೆದಾರ ಮೊದಲ ಲೋಟವನ್ನು ಬಿಟ್ಟಿ ಕೊಡುವ ಲೆಕ್ಕವೂ ಇದೇ ತಾನೆ? ನಮ್ಮ ಹುಡುಗ ವಿಂಡೋಸನ್ನೇ ಕಲಿಯುತ್ತಾನೆ, ಅಂಗಡಿ ಅದನ್ನೇ ನೆಚ್ಚುತ್ತದೆ, ಶಾಲೆ ಅದನ್ನೇ ಕಲಿಸುತ್ತದೆ, ಕೊನೆಗೆ ಸರ್ಕಾರ ಟೆಂಡರು ಕರೆಯುವಾಗ ಬೇರೆ ಹೆಸರೇ ತೋಚುವುದಿಲ್ಲ. ಬೀಗ ಮುರಿದವನು ಕಂಪೆನಿಯ ಸಂಬಳವಿಲ್ಲದ ಪ್ರಚಾರಕನಾಗಿ ದುಡಿಯುತ್ತಿದ್ದಾನೆ.

ಕರನಿರಾಕರಣೆಯ ಮಾತಿಗೂ ಉತ್ತರ ಹೇಳಬೇಕು. 1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರ ಕೊಳಗದ ಅಳತೆಯನ್ನು ಪ್ರಶ್ನಿಸಿದಾಗ ರಾತ್ರಿ ಹೋಗಿ ಕಣಜಕ್ಕೆ ಕನ್ನ ಹಾಕಲಿಲ್ಲ. ಹಗಲಿನಲ್ಲಿ, ಎಲ್ಲರೂ ನೋಡುತ್ತಿರುವಂತೆ ನೇಗಿಲು ಹಿಡಿದು ಗದ್ದೆಗೆ ಇಳಿದರು, ಸೆರೆಮನೆಗೆ ಹೋದರು. ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಅವರು ಕೇಳಿದ್ದು, ಅಳೆಯುವ ಕೊಳಗ ನಮ್ಮ ಕಣ್ಣೆದುರಿಗೆ ಇರಲಿ ಎಂದು. ಇಲ್ಲಿಯೂ ಪ್ರಶ್ನೆ ಅದೇ. ವಿಂಡೋಸಿನ ಒಳಗೆ ಏನು ಬರೆದಿದೆಯೆಂದು ನಾವು ನೋಡುವಂತಿಲ್ಲ, ಒಡೆಯನ ಕೊಳಗ. ನಕಲಿ ಶಾನುಭೋಗನ ಒಳಗೆ ಏನಿದೆಯೆಂದೂ ನಾವು ನೋಡುವಂತಿಲ್ಲ, ಕಳ್ಳನ ಕೊಳಗ. ಮೊದಲಿದ್ದ ಒಬ್ಬ ಒಡೆಯನ ಜೊತೆಗೆ ಇನ್ನೊಬ್ಬನನ್ನು ತಂದುಕೊಂಡದ್ದಕ್ಕೆ ವಿಮೋಚನೆ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಉಪಕರಣಗಳಲ್ಲಿ ಒಂದೆರಡರ ಒಳಬರಹವನ್ನು ಅವುಗಳ ಕರ್ತರು ಬಹಿರಂಗವಾಗಿ ಇಟ್ಟಿದ್ದಾರೆ, ಬಲ್ಲವರು ಓದಿ ನೋಡಬಹುದು ಎಂಬುದು ನಿಜ. ಆದರೆ ರಿಪೇರಿಯ ಹುಡುಗನ ಪೆನ್‌ಡ್ರೈವಿನಲ್ಲಿರುವುದು ಅದೇ ಎಂದು ಹೇಳುವವರು ಯಾರು? ಹೆಸರು ಪ್ರಸಿದ್ಧವಾದಷ್ಟೂ ಅದೇ ಹೆಸರಿನ ಸುಳ್ಳು ಜಾಲತಾಣಗಳು ಅಣಬೆಗಳಂತೆ ಏಳುತ್ತವೆ. ಹುಡುಕಿದವನಿಗೆ ಅಸಲಿಗಿಂತ ಮೊದಲು ಸಿಕ್ಕುವುದು ಎಷ್ಟೋ ಸಲ ಅವೇ.

ಕಾನೂನಿನ ಕಡೆಗೂ ನೋಡೋಣ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಸೇರಿಸಿದ 63-ಬಿ ಕಲಮಿನಂತೆ, ಅಕ್ರಮ ಪ್ರತಿಯೆಂದು ತಿಳಿದೂ ಕಂಪ್ಯೂಟರ್ ತಂತ್ರಾಂಶವನ್ನು ಬಳಸಿದವನಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳ ತನಕ ವಿಸ್ತರಿಸಬಹುದಾದ ಸಜೆ, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿಗಳ ಜುಲ್ಮಾನೆ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದಿದ್ದರೆ ನ್ಯಾಯಾಲಯ ಸಜೆಯನ್ನು ಬಿಡಬಹುದು. ಆದರೆ ಒಂದು ಪುಟಕ್ಕೆ ಹತ್ತು ರೂಪಾಯಿ ಪಡೆಯುವ ಟೈಪಿಂಗ್ ಅಂಗಡಿಯವನು ಕಾಯಿದೆಯ ಕಣ್ಣಿನಲ್ಲಿ ವ್ಯಾಪಾರಿಯೇ. ಪೆನ್‌ಡ್ರೈವಿನಲ್ಲಿ ವಿಷ ಬೆರೆಸಿದವನು ಯಾವ ಸಮುದ್ರದಾಚೆ ಇರುವನೋ! ಸಜೆಯ ಭಯವೆಲ್ಲ ಬಸ್ ನಿಲ್ದಾಣದ ಎದುರಿನವನಿಗೆ.

ಹಾಗಾದರೆ ಹಲವು ಸಾವಿರ ರೂಪಾಯಿ ಕೊಟ್ಟು ಎಲ್ಲರೂ ವಿಂಡೋಸ್ ಕೊಳ್ಳಬೇಕೆ? ಕೊಳ್ಳಲು ಶಕ್ತಿಯುಳ್ಳವರು ಕೊಳ್ಳಲಿ. ಶಕ್ತಿಯಿಲ್ಲದವರಿಗೆ ಹಗಲಿನ ದಾರಿಯೊಂದು ಇದೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಚಳುವಳಿಯೂ 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸೂ ಕೂಡಿ ಬೆಳೆದ ಮುಕ್ತ ತಂತ್ರಾಂಶಕ್ಕೆ ಬೀಗವೇ ಇಲ್ಲ. ಬೀಗವಿಲ್ಲದ ಮೇಲೆ ಮುರಿಯುವವನೂ ಬೇಡ. ಅದರ ಒಳಬರಹ ಲೋಕದ ಕಣ್ಣೆದುರಿಗಿದೆ. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮೊದಲು ವಿಂಡೋಸಿನ ದಾರಿಯಲ್ಲೇ ಹೊರಟಿತ್ತು. ಅಲ್ಲಿನ ಶಿಕ್ಷಕರ ಸಂಘಟನೆ ಪಠ್ಯವು ಒಂದು ಕಂಪೆನಿಯ ಸರಕಿಗೆ ಕಟ್ಟುಬಿದ್ದುದನ್ನು ವಿರೋಧಿಸಿತು. ಮುಂದೆ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶಕ್ಕೆ ತಿರುಗಿದವು. ಮಾಸ್ತರಿಕೆ ಮಾಡಿದವರಾಗಿ ನಾವು ಇದನ್ನು ಅಭಿಮಾನದಿಂದಲೂ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೂ ಬರೆಯುತ್ತಿದ್ದೇವೆ. ಕೇಂದ್ರ ಸರ್ಕಾರದ ಸಿಡಾಕ್ ಸಂಸ್ಥೆಯೇ ಬಾಸ್ ಎಂಬ ಲಿನಕ್ಸನ್ನು ಸಿದ್ಧಪಡಿಸಿ ವರ್ಷಗಳೇ ಆದವು. ಎಷ್ಟು ತಾಲೂಕು ಕಛೇರಿಗಳ ಮೇಜಿನ ಮೇಲೆ ಅದು ಕಾಣಿಸುತ್ತದೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪೆನಿ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಲ್ಲೆನೆನ್ನುತ್ತದೆ. ಆದ್ದರಿಂದ ಸಣ್ಣ ಅಂಗಡಿಗಳವರು ಹೇಗೂ ಒಂದು ಕವಲಿಗೆ ಬಂದು ನಿಂತಿದ್ದಾರೆ. ಹೊಸ ಯಂತ್ರ ಕೊಳ್ಳಬೇಕು, ಇಲ್ಲವೆ ಹಳೆಯದರಲ್ಲಿ ಲಿನಕ್ಸ್ ಹಾಕಬೇಕು, ಇಲ್ಲವೆ ಇನ್ನಷ್ಟು ದೊಡ್ಡ ಕನ್ನಕೋಲನ್ನು ಹುಡುಕಬೇಕು. ಮೂರನೆಯದು ನಡೆಯುವ ಮುನ್ನ ಜಿಲ್ಲಾಡಳಿತ ಮಾಡಬೇಕಾದ ಕೆಲಸ ಒಂದುಂಟು. ಸರ್ಕಾರದ ಸೇವೆಗಳನ್ನು ಸರ್ಕಾರವೇ ಈ ಅಂಗಡಿಗಳ ಮೂಲಕ ಜನರಿಗೆ ತಲುಪಿಸುತ್ತಿದೆ. ಹಾಗಿದ್ದ ಮೇಲೆ ಅವರ ಯಂತ್ರ ಶುದ್ಧವಾಗಿರುವ ಹೊಣೆಯಲ್ಲಿ ಸರ್ಕಾರಕ್ಕೂ ಪಾಲಿದೆ. ತಾಲೂಕಿಗೊಂದರಂತೆ ತರಬೇತಿ ನಡೆಸಿ, ಲಿನಕ್ಸ್ ಹಾಕಿಕೊಟ್ಟು, ಇಲಾಖೆಗಳ ಜಾಲತಾಣಗಳೂ ಬೆರಳಚ್ಚಿನ ಸಾಧನಗಳೂ ಅದರಲ್ಲಿ ನಡೆಯುವಂತೆ ಮಾಡಿಕೊಡಲಿ. ಪೋಲೀಸರನ್ನು ಕಳಿಸಿ ದಾಳಿ ಮಾಡಿಸುವುದು ಸುಲಭ. ಅದರಿಂದ ಮುದುಕಿಯ ಪಾಸ್‌ಬುಕ್ಕು ಕ್ಷೇಮವಾಗುವುದಿಲ್ಲ.

ಈಗಾಗಲೇ ಇಂತಹ ಉಪಕರಣ ಹಾಕಿಸಿಕೊಂಡಿರುವ ಅಂಗಡಿಯ ಗೆಳೆಯರಿಗೆ ಒಂದು ಸೂಚನೆ. ಉಪಕರಣವನ್ನು ಅಳಿಸಿದರೆ ಅದು ಕರೆತಂದ ಆಳುಗಳೂ ಹೋದರೆಂದು ನಂಬಕೂಡದು. ಕಡತಗಳನ್ನಷ್ಟೆ ಪ್ರತಿ ಮಾಡಿಟ್ಟುಕೊಂಡು ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು. ಗುಪ್ತಪದಗಳನ್ನು ಆ ಯಂತ್ರದಲ್ಲಿ ಕುಳಿತು ಬದಲಿಸದೆ ಬೇರೊಂದು ಶುದ್ಧ ಯಂತ್ರದಿಂದ ಬದಲಿಸಬೇಕು. ಲಿನಕ್ಸಿಗೆ ಹೋಗಲು ಮನಸ್ಸು ಮಾಡಿದವರಿಗೆ ಕನ್ನಡದ ಚಿಂತೆ ಬೇಡ, ಕೆ. ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಅಲ್ಲಿಯೂ ಇದೆ, ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ತೊಡಕಿರುವುದು ಹಳೆಯ ನುಡಿ ಅಕ್ಷರಗಳಲ್ಲಿ ಮಾಡಿಟ್ಟ ಕಡತಗಳಲ್ಲಿ. ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಆದರೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ತಿರುಗಿಸಿದ ಮೇಲೆ ಒಮ್ಮೆ ಓದಿ ನೋಡಬೇಕಾಗುತ್ತದೆ. ಈ ಕೆಲಸವನ್ನು ಡಿಸ್ಕ್ ಅಳಿಸುವುದಕ್ಕೆ ಮೊದಲೇ, ಒಂದು ವಾರದ ಬಿಡುವು ಇಟ್ಟುಕೊಂಡು ಮಾಡಿ ಮುಗಿಸಿ.